ಪ್ರೂಫಿನ ಮೇಲೆ ಬಿದ್ದ ಒಪ್ಪಿಗೆಗಳು

ಮುದ್ರಣಾಲಯದ ಕೆಲಸಕ್ಕೆ ಹೊಸದಾಗಿ ಸೇರುವ ತರುಣ ತರುಣಿಯರಿಗೆ ಯಂತ್ರ, ಕಾಗದ, ಶಾಯಿಗಳ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಆ ಚಾವಣಿಯ ಕೆಳಗೆ ದಿನವಿಡೀ ಓಡಾಡುವ ಒಂದು ಇಂಗ್ಲಿಷ್ ಕ್ರಿಯಾಪದದ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ. ಆ ಪದ ‘ಅಪ್ರೂವ್’. ಗದಗಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವಳಾಗಿ ಸೇರಿ, ಕಣ್ಣಿಗೆ ಪೊರೆ ಬರುವವರೆಗೂ ಅಲ್ಲಿಯೇ ದುಡಿದು ನಿವೃತ್ತಳಾದವಳು ನಾನು. ಈ ಒಂದು ಪದದ ಅರ್ಥ ತಿಳಿಯಲು ನನಗೆ ಹಿಡಿದ ಕಾಲದಲ್ಲಿ ಬೇರೆಯವರು ಎರಡು ಭಾಷೆಗಳನ್ನು ಕಲಿತಾರು.

ಪದ್ಧತಿ ಸರಳವಾದದ್ದು. ಜೋಡಿಸಿದ ಅಕ್ಷರಗಳ ಮೊದಲ ಪ್ರತಿಯನ್ನು ಪ್ರೂಫ್ ಎನ್ನುತ್ತೇವೆ. ನನ್ನಂಥವರು ಅದನ್ನು ಓದಿ ತಪ್ಪು ತಿದ್ದಿದ ಮೇಲೆ ಗಿರಾಕಿ ನೋಡಿ ಮೂಲೆಯಲ್ಲಿ ಸಹಿ ಹಾಕುತ್ತಾನೆ. ಆ ಸಹಿಗೆ ಅಪ್ರೂವ್ ಎಂದು ಹೆಸರು. ಅದು ಬೀಳದೆ ಯಂತ್ರ ತಿರುಗುವಂತಿಲ್ಲ.

ನಾನು ಕಲಿತದ್ದು ಬೆಟಗೇರಿಯ ಒಂದು ಶಾಲೆಯಲ್ಲಿ. ಅಲ್ಲಿಯ ಗುರುಗಳು ಪ್ರತಿ ಪಾಠದ ಕೊನೆಗೆ, ‘ಒಪ್ಪಿಗೆ ಇಲ್ಲದವರು ಕೈ ಎತ್ತಿರಿ’ ಎನ್ನುತ್ತಿದ್ದರು. ನಾವು ಮಗ್ಗಿಗೂ ಕೈ ಎತ್ತುತ್ತಿದ್ದೆವು. ಗುರುಗಳು ಬೇಸರಿಸದೆ ಹುಣಸೆಬೀಜ ತಂದು, ಏಳೆಂಟು ಐವತ್ತಾರು ಏಕೆ ಎಂಬುದನ್ನು ನಮ್ಮ ಕೈಯಿಂದಲೇ ಎಣಿಸಿ ತೋರಿಸುತ್ತಿದ್ದರು. ಹೀಗೆ ಬೆಳೆದವಳು ಒಪ್ಪಿಗೆಯನ್ನು ಹಗುರವಾಗಿ ತೆಗೆದುಕೊಳ್ಳಲಾರಳು. ವರದಕ್ಷಿಣೆಯ ವಿರುದ್ಧದ ಮೆರವಣಿಗೆಯಲ್ಲಿ ಕೂಗಿ ಗಂಟಲು ಕಟ್ಟಿಸಿಕೊಂಡು ಬಂದು, ಮರುದಿನ ಅದೇ ಊರಿನ ಲಗ್ನಪತ್ರಿಕೆಗಳನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದದ್ದು ವಿಧಿಯ ವಿನೋದವಲ್ಲ; ಹೊಟ್ಟೆಪಾಡು.

ಕೆಲಸಕ್ಕೆ ಸೇರಿದ ದಿನ ನಮ್ಮ ಮಾಲಕರಾದ ಚನ್ನಬಸಪ್ಪನವರಿಗೆ ನನ್ನ ವಿದ್ಯೆಯನ್ನು ತೋರಿಸಬೇಕೆನಿಸಿತು. ಈ ಪದಕ್ಕೆ ನಿಘಂಟಿನಲ್ಲಿ ಒಪ್ಪು, ಸಮ್ಮತಿಸು, ಮೆಚ್ಚು, ಮಂಜೂರು ಮಾಡು ಎಂಬ ಅರ್ಥಗಳಿವೆ ಎಂದು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

“ತಂಗೀ, ಅದೆಲ್ಲಾ ಬುಕ್ಕಿನಾಗಿಂದು. ನಮ್ಮಲ್ಲೆ ಅಪ್ರೂವ್ ಅಂದ್ರ, ಇಲ್ಲೀತನಕ ಬೈಸ್ಕೊಳ್ಳೂ ಪಾಳಿ ನಮ್ಮದು, ಇನ್ನಮ್ಯಾಗ ಅವರದು. ಅಷ್ಟ.”

ಇಷ್ಟು ನಿಖರವಾದ ಅರ್ಥವನ್ನು ನಾನು ಯಾವ ನಿಘಂಟಿನಲ್ಲೂ ಕಂಡಿಲ್ಲ. ಆದರೆ ನನಗೆ ಅದು ಒಪ್ಪಿಗೆಯಾಗಲಿಲ್ಲ.

ಲಗ್ನಪತ್ರಿಕೆ ಮಾಡಿಸಲು ಬಂದವರನ್ನು ವಧುವಿನ ವಯಸ್ಸು ಕೇಳುವುದನ್ನು ನಾನು ಮೊದಲ ವಾರದಿಂದಲೇ ಆರಂಭಿಸಿದೆ. “ನಾವೇನು ಕಾರ್ಡು ಹೊಡಿಯಾವರೋ, ಜನಗಣತಿ ಮಾಡಾವರೋ?” ಎಂದು ಚನ್ನಬಸಪ್ಪನವರು ಗೊಣಗಿದರು. ಒಬ್ಬ ತಂದೆ ಬಾಯಿ ತಪ್ಪಿ ಮಗಳ ನಿಜವಾದ ವಯಸ್ಸನ್ನು ಹೇಳಿಬಿಟ್ಟ. ಹುಡುಗಿ ಇನ್ನೂ ಶಾಲೆಯಲ್ಲಿದ್ದಳು. ನಾನು ಪ್ರೂಫ್ ತಡೆಹಿಡಿದೆ. ಅವರ ಊರಿನ ಅಂಗನವಾಡಿಯವರಿಗೂ, ಸಂಬಂಧಪಟ್ಟ ಅಧಿಕಾರಿಗಳಿಗೂ ತಿಳಿಸಿದೆ. ಮದುವೆ ನಿಂತಿತು. ಆತ ನಮ್ಮ ಬಾಗಿಲಲ್ಲಿ ನಿಂತು ಬೈದು ಹೋದ. ಹುಡುಗಿ ಕಾಲೇಜು ಮುಗಿಸಿ ತನಗೆ ಬೇಕೆನಿಸಿದಾಗ ಮದುವೆಯಾದಳು. ಆಗ ಅದೇ ತಂದೆ ಪತ್ರಿಕೆ ಮಾಡಿಸಲು ನಮ್ಮಲ್ಲಿಗೇ ಬಂದ. ಕಾರಣ ಕೇಳಿದ್ದಕ್ಕೆ, “ನೀವು ಭಾಳ ನಿಗಾ ಮಾಡಿ ಓದತೀರಿ ಬಿಡ್ರಿ” ಎಂದ. ಬೈಗುಳದಿಂದ ದೊರೆತ ಗಿರಾಕಿ ಗಟ್ಟಿ ಎಂಬ ಪಾಠವನ್ನು ಮಾಲಕರು ಅಂದು ಕಲಿತರು.

ಇನ್ನು ಲಕ್ಷ್ಮೇಶ್ವರದ ಬಟ್ಟೆ ಅಂಗಡಿಯ ಕತೆ. ಅಂಗಡಿಯ ಪ್ರಾರಂಭೋತ್ಸವಕ್ಕೆ ಕರಪತ್ರ ಬೇಕೆಂದು ಒಬ್ಬ ವ್ಯಾಪಾರಿ ಬಂದರು. ಪ್ರೂಫ್ ಸಿದ್ಧವಾದಾಗ, “ಮನ್ಯಾಗ ಎಲ್ಲಾರೂ ಅಪ್ರೂವ್ ಮಾಡ್ಲಿ” ಎಂದು ಅದನ್ನು ಒಯ್ದರು. ಅದು ಮರಳಿ ಬಂದಾಗ ಅದರ ಮೇಲೆ ಅರಿಸಿನದ ಬೆರಳಿತ್ತು, ಚಹಾದ ಬಟ್ಟಲಿನ ವೃತ್ತವಿತ್ತು, ಓಣಿಯ ಹಿರಿಯರ ಸಹಿಗಳಿದ್ದವು. ಸಹಿ ಮಾಡಿದ ಪ್ರತಿಯೊಬ್ಬರೂ ಶುಭ ಕೋರುವವರ ಸಾಲಿಗೆ ತಮ್ಮ ಕಡೆಯವರ ಹೆಸರನ್ನು ಸೇರಿಸಿದ್ದರು. ಅಣ್ಣನ ಹೆಸರಿದ್ದ ಮೇಲೆ ತಮ್ಮನದು ಬೇಡವೇ. ಬೀಗರದು ಬಿಟ್ಟರೆ ನಡೆದೀತೇ. ಅಷ್ಟೂ ಹೆಸರುಗಳಿಗೆ ಜಾಗ ಮಾಡಲು ಅಕ್ಷರ ಜೋಡಿಸುವವನು ಅಲ್ಲೊಂದು ಇಲ್ಲೊಂದು ಸಾಲನ್ನು ಕಿತ್ತ. ನಾನು ಕಾಗುಣಿತ ನೋಡಿದೆ. ಒಂದು ದೀರ್ಘವೂ ತಪ್ಪಿರಲಿಲ್ಲ. ಮತ್ತೆ ಎಲ್ಲರೂ ನೋಡಿದರು, ಮತ್ತೆ ಎಲ್ಲರೂ ಸಹಿ ಮಾಡಿದರು.

ಪ್ರಾರಂಭೋತ್ಸವದ ಮರುದಿನ ವ್ಯಾಪಾರಿ ಬಂದು ಕುರ್ಚಿಯ ಮೇಲೆ ಕುಸಿದರು.

“ಅಕ್ಕಾರ, ಅಂಗಡಿ ಎಲ್ಲೈತಿ ಅಂತ ಅದರಾಗ ಇಲ್ರಿ.”

ಕರಪತ್ರವನ್ನು ನೋಡಿದೆ. ವಿಳಾಸ ಇರಲಿಲ್ಲ. ಅಂಗಡಿಯ ಹೆಸರೂ ಇರಲಿಲ್ಲ. ಶುಭ ಕೋರುವವರು ಮಾತ್ರ ತುಂಬಿ ತುಳುಕುತ್ತಿದ್ದರು.

“ಮಂದಿ ಬಜಾರ ತುಂಬ ಹುಡುಕ್ಯಾಡಿ, ಸಿಗವಲ್ದಂತ ಬಾಜೂಕಿನ ಅಂಗಡಿಯಾಗ ಅರಿವಿ ತಗೊಂಡು ಹ್ವಾದ್ರು. ಶುಭ ಕೋರಿದಾವ್ರೂ ಅಲ್ಲೇ ತಗೊಂಡಾರ್ರಿ.”

ಚನ್ನಬಸಪ್ಪನವರು ಸಹಿಗಳಿದ್ದ ಪ್ರೂಫನ್ನು ತೆಗೆದು ಮೇಜಿನ ಮೇಲೆ ಹರಡಿದರು. ವ್ಯಾಪಾರಿ ಒಂದೊಂದೇ ಸಹಿಯನ್ನು ನೋಡಿ, ನಿಟ್ಟುಸಿರು ಬಿಟ್ಟು ಎದ್ದು ಹೋದರು. ಪಾಳಿ ಅವರದಾಗಿತ್ತು. ಆದರೆ ನನಗೆ ಸಮಾಧಾನವಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಹೆಸರನ್ನು ಮಾತ್ರ ನೋಡಿ, ಅದು ಇದ್ದುದರಿಂದ ಇಡೀ ಕಾಗದವನ್ನು ಒಪ್ಪಿದ್ದರು. ನಮ್ಮ ಸಭೆ, ಸಂಘ, ಸಮಿತಿಗಳೆಲ್ಲ ಹೀಗೆಯೇ ನಡೆಯುತ್ತವೆ ಎಂಬುದನ್ನು ತರುಣರು ಗಮನಿಸಬೇಕು. ಇಲ್ಲದ ಸಾಲಿನಲ್ಲಿ ಕಾಗುಣಿತದ ತಪ್ಪು ಸಿಗುವುದಿಲ್ಲ.

ಅಂದಿನಿಂದ ನಾನೊಂದು ನಿಯಮ ಮಾಡಿದೆ. ಸಹಿ ಹಾಕುವವರಿಗೆ ಪ್ರೂಫನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಕೇಳಿಸಬೇಕು; ಕೇಳದವರ ಸಹಿ ಸಹಿಯಲ್ಲ. ಮುದ್ರಣಯಂತ್ರ ನಡೆಸುತ್ತಿದ್ದ ಹುಸೇನಸಾಹೇಬರು ಇದಕ್ಕೆ ಒಂದು ಉಪನಿಯಮ ಸೇರಿಸಿದರು. “ಅಕ್ಕಾರು ಓದಾಕ ಹತ್ತಿದ್ರಂದ್ರ ನಾ ಮಶೀನ್ ಬಂದ್ ಮಾಡತೀನ್ರಿ. ಯಾವುದರ ಒಂದರ ಸಪ್ಪಳ ಇರ್ಲಿ.”

ಸರಕಾರಿ ಗಿರಾಕಿಗಳಲ್ಲಿ ಈ ನಿಯಮ ನಡೆಯಲಿಲ್ಲ, ಏಕೆಂದರೆ ಅವರು ಒಪ್ಪುವುದೇ ಇಲ್ಲ. ಹೆಸರು ಹೇಳಬಾರದ ಒಬ್ಬ ಅಧಿಕಾರಿ ಮಹಿಳಾ ಸಬಲೀಕರಣ ಕಾರ್ಯಕ್ರಮದ ಆಮಂತ್ರಣವನ್ನು ಮಾಡಿಸಲು ಬಂದಿದ್ದರು. ಉದ್ಘಾಟಕರು, ಅಧ್ಯಕ್ಷರು, ಉಪನ್ಯಾಸಕರು, ಮುಖ್ಯ ಅತಿಥಿಗಳು ಎಂದು ಪುಟ ತುಂಬಿತ್ತು. ಓದಿ ಮುಗಿಸಿ, ಇದರಲ್ಲಿ ಒಬ್ಬ ಮಹಿಳೆಯ ಹೆಸರೂ ಇಲ್ಲವೆಂದು ಹೇಳಿದೆ.

“ಪ್ರಾರ್ಥನಾ ಗೀತಾ ಹೆಣ್ಮಕ್ಕಳದ ಐತಲ್ರಿ.”

“ಅವರ ಹೆಸರು ಇಲ್ಲಲ್ರಿ. ‘ಸಂಗಡಿಗರಿಂದ’ ಅಂತಷ್ಟ ಐತಿ.”

“ಸಬಲರಾದ ಮ್ಯಾಲ ಹೆಸರು ಹಾಕೋಣಂತ ಬಿಡ್ರಿ,” ಎಂದು ಅವರು ನಕ್ಕು, ಪ್ರೂಫಿನ ಮೂಲೆಯಲ್ಲಿ ‘ನೋಡಿದೆ’ ಎಂದು ಬರೆದು ಸಹಿ ಹಾಕಿದರು. ಕಾರ್ಯಕ್ರಮಕ್ಕೆ ಬಂದ ಮೇಲಧಿಕಾರಿ ಮಹಿಳೆಯಾಗಿದ್ದರು. ಆಮಂತ್ರಣವನ್ನು ವೇದಿಕೆಯ ಮೇಲೆಯೇ ಓದಿ, ಇದನ್ನು ಅಪ್ರೂವ್ ಮಾಡಿದವರಾರು ಎಂದು ಕೇಳಿದರಂತೆ. ನಮ್ಮ ಅಧಿಕಾರಿ ಎದ್ದು ನಿಂತು, “ನಾ ನೋಡೇನ್ರಿ ಮೇಡಂ. ಒಪ್ಪಿಲ್ರಿ” ಎಂದರಂತೆ. ಆ ಉತ್ತರದಲ್ಲಿ ಒಂದು ಸುಳ್ಳೂ ಇರಲಿಲ್ಲ. ಇಡೀ ಆಡಳಿತ ಯಂತ್ರವು ‘ನೋಡಿದೆ’ ಎಂಬ ಈ ಒಂದು ಪದದ ಮೇಲೆ ನಿಂತಿದೆ. ಅದು ಏಕೆ ಮುಂದಕ್ಕೆ ಚಲಿಸುವುದಿಲ್ಲವೆಂದು ಮುಂದೆ ನಿಮಗೆ ಅಚ್ಚರಿಯಾಗದಿರಲಿ.

ನಡುವೆ ಕಾಲ ಬದಲಾಯಿತು. ಸೀಸದ ಅಕ್ಷರಗಳು ಹೋಗಿ ಕಂಪ್ಯೂಟರು ಬಂತು. ಪ್ರೂಫು ವಾಟ್ಸ್ಯಾಪಿನಲ್ಲಿ ಹೋಗತೊಡಗಿತು. ಸಹಿಯ ಬದಲು ಎತ್ತಿದ ಹೆಬ್ಬೆರಳಿನ ಚಿತ್ರ ಬರತೊಡಗಿತು. ಹರ್ತಿ ಹಳ್ಳಿಯಲ್ಲಿ ನಾನು ಹಿಂದೆ ಸಾಕ್ಷರತಾ ವರ್ಗ ನಡೆಸುತ್ತಿದ್ದೆ. ಹೆಬ್ಬೆಟ್ಟು ಒತ್ತುವವರ ಕೈ ಹಿಡಿದು ಸಹಿ ಮಾಡುವುದನ್ನು ಕಲಿಸುತ್ತಿದ್ದೆ. ಅವರಲ್ಲೊಬ್ಬರಾದ ಫಕ್ಕೀರಪ್ಪನವರು ಮನೆಯ ವಾಸ್ತುಶಾಂತಿಯ ಕಾರ್ಡು ಮಾಡಿಸಿದರು. ಪ್ರೂಫ್ ಕಳಿಸಿದೆವು; ಹೆಬ್ಬೆರಳು ಬಂತು; ಮುದ್ರಿಸಿದೆವು. ಕಾರ್ಡು ಒಯ್ಯಲು ಬಂದವರು ತಮ್ಮ ತಂದೆಯ ಹೆಸರೇ ತಪ್ಪಾಗಿದೆ ಎಂದರು.

“ನೀವು ಹೆಬ್ಬೆರಳು ಕಳಿಸಿದ್ರೆಲ್ರಿ ಫಕ್ಕೀರಪ್ಪಾರ.”

“ಹೆಬ್ಬಟ್ಟು ಅಂದ್ರ ‘ಬಂತು’ ಅಂತ್ರಿ ಅಕ್ಕಾರ. ‘ಒಪ್ಪೇನಿ’ ಅಂತಲ್ಲ. ಯಾರರ ಸತ್ತ ಸುದ್ದಿಗೂ ನನ್ನ ಅಳಿಯ ಅದನ್ನ ಕಳಿಸತಾನ್ರಿ.”

“ನಾ ನಿಮಗ ಸಹಿ ಕಲಿಸಿದ್ನೆಲ್ರಿ.”

“ಖರೆ. ಆದ್ರ ನೀವು ಕಲಿಸಿದ್ದು ಫೋನಿನಾಗ ಮೂಡೂದಿಲ್ರಿ.”

ಹೆಬ್ಬೆಟ್ಟಿನಿಂದ ಸಹಿಗೆ ಬರಲು ನಮ್ಮ ಜನಕ್ಕೆ ತಲೆಮಾರುಗಳು ಬೇಕಾದವು. ಸಹಿಯಿಂದ ಹೆಬ್ಬೆಟ್ಟಿಗೆ ಮರಳಲು ಒಂದು ಫೋನು ಸಾಕಾಯಿತು. ಅಂದಿನಿಂದ ನಾನು ಗಿರಾಕಿಗಳಿಗೆ ಫೋನ್ ಮಾಡಿ ಪ್ರೂಫ್ ಓದತೊಡಗಿದೆ. ಹಲವರು ಸ್ಪೀಕರ್ ಹಾಕಿ ಊಟಕ್ಕೆ ಕೂಡುತ್ತಿದ್ದರು. ರೊಟ್ಟಿ ಮುರಿಯುವ ಸದ್ದಿನ ನಡುವೆ “ಹೂಂ, ಹೂಂ” ಎಂದು ಒಪ್ಪಿಗೆ ಬರುತ್ತಿತ್ತು. ಅದು ನನ್ನ ಓದಿಗೋ, ಇನ್ನೊಂದು ರೊಟ್ಟಿಗೋ ಎಂದು ಎರಡು ಸಲ ಕೇಳಿಕೊಳ್ಳಬೇಕಾಗುತ್ತಿತ್ತು.

ಇಷ್ಟೆಲ್ಲ ಪ್ರಸಂಗಗಳ ನಂತರವೂ ಈ ಪದದ ಅರ್ಥ ನನಗೆ ಪೂರ್ಣವಾಗಿ ತಿಳಿದಿರಲಿಲ್ಲ. ಅದನ್ನು ತಿಳಿಸಿಕೊಟ್ಟವರು ಗಂಗವ್ವ.

ಅದನ್ನು ಹೇಳುವ ಮೊದಲು ಲಗ್ನಪತ್ರಿಕೆಯ ಒಂದು ಅನ್ಯಾಯವನ್ನು ಹೆಸರಿಸಬೇಕು. ನಮ್ಮ ಪತ್ರಿಕೆಗಳಲ್ಲಿ ಸತ್ತ ಗಂಡಸರು ಬದುಕಿರುವ ಹೆಂಗಸರಿಗಿಂತ ಹೆಚ್ಚು ಚಟುವಟಿಕೆಯಿಂದ ಇರುತ್ತಾರೆ. ದಿವಂಗತರು ಮಗಳನ್ನು ಧಾರೆ ಎರೆಯುತ್ತಾರೆ, ದಿವಂಗತರು ಬಂಧುಗಳ ಸುಖಾಗಮನವನ್ನು ಬಯಸುತ್ತಾರೆ, ದಿವಂಗತರು ಉಡುಗೊರೆ ಬೇಡವೆಂದು ವಿನಂತಿಸುತ್ತಾರೆ. ಅವರ ಹೆಂಡತಿ ಬದುಕಿದ್ದು, ಮಗಳನ್ನು ಸಾಕಿ, ಓದಿಸಿ, ಮದುವೆಯ ಅಕ್ಕಿಯನ್ನು ಹಸನು ಮಾಡುತ್ತಿದ್ದರೂ ಆಕೆಯ ಹೆಸರು ಬರುವುದಿಲ್ಲ. ಗಂಡನಿಲ್ಲದವಳ ಹೆಸರು ಶುಭಕಾರ್ಯದ ಕಾಗದಕ್ಕೆ ಒಗ್ಗದಂತೆ. ಸತ್ತವನ ಹೆಸರು ಒಗ್ಗುತ್ತದೆ. ಇದನ್ನು ನಾನು ಎಷ್ಟು ಗಿರಾಕಿಗಳ ಮುಂದೆ ವಾದಿಸಿದರೂ ಅವರು ಪೂರ್ತಿ ಕೇಳಿ, ತಲೆದೂಗಿ, “ಖರೆ ಐತ್ರಿ. ಈಗ ಹಿಂಗ ಹೊಡೀರಿ” ಎನ್ನುತ್ತಿದ್ದರು.

ಗಂಗವ್ವ ಮುಂಡರಗಿಯವರು. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು ಮಾರಿ ಮಗಳು ಸವಿತಾಳನ್ನು ಓದಿಸಿದವರು. ಸವಿತಾ ಗದಗಿನ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸುವ ಕೆಲಸದಲ್ಲಿದ್ದಳು. ಅವಳ ಮದುವೆ ಗೊತ್ತಾಗಿ, ಪತ್ರಿಕೆಯನ್ನು ಅವಳೇ ಬರೆದು ನಮಗೆ ಕಳಿಸಿದ್ದಳು. ಅದರ ಮೊದಲ ಸಾಲಿನಲ್ಲಿ ಬಂಧುಗಳನ್ನು ಆಹ್ವಾನಿಸುವವರು ‘ಶ್ರೀಮತಿ ಗಂಗವ್ವನವರು’ ಎಂದಿತ್ತು. ಓದಿ ನನಗೆ ಎಷ್ಟು ಹಿಗ್ಗಾಯಿತೆಂದರೆ ಪ್ರೂಫನ್ನು ಹುಸೇನಸಾಹೇಬರಿಗೂ ಓದಿ ಹೇಳಿದೆ. ಅವರು ಯಂತ್ರ ನಿಲ್ಲಿಸಿ ಕೇಳಿದರು.

ಸಹಿಯ ಹಿಂದಿನ ದಿನ ಸವಿತಾ ಒಬ್ಬಳೇ ಬಂದಳು.

“ಅಕ್ಕಾರ, ನಾಳೆ ಶಿಗ್ಲಿಯಿಂದ ನಮ್ಮ ದೊಡ್ಡಪ್ಪ ಬರತಾನ್ರಿ ಸಹಿ ಮಾಡಾಕ. ಮನಿತನದ ಹಿರ್ಯಾ ಅವನ. ಅಂವಾ ಏನೂ ಓದೂದಿಲ್ರಿ. ಗಣಪತಿ ಚಿತ್ರ ನೋಡತಾನ, ಸಹಿ ಮಾಡತಾನ. ನೀವು ಓದಿ ಹೇಳಬ್ಯಾಡ್ರಿ, ಅಷ್ಟ.”

“ಓದಿ ಹೇಳೂದು ನಮ್ಮ ಪದ್ಧತಿ ಐತವ್ವಾ.”

“ಓದಿದ್ರ ಅವ್ವನ ಹೆಸರು ಕಿತ್ತಸ್ತಾನ್ರಿ. ನಾ ಹಟ ಹಿಡದ್ರ ಅಂವಾ ಮದವಿಗೆ ಬರೂದಿಲ್ಲ. ಅಂವಾ ಬರಲಿಲ್ಲಂದ್ರ ಅವ್ವ ಮದವಿನ ಬ್ಯಾಡ ಅಂತಾಳ. ಒಮ್ಮೆ ಕಾರ್ಡು ಹೊಡದ್ರ ಮುಗೀತು, ಏನೂ ಮಾಡಾಕ ಬರೂದಿಲ್ಲ.”

ಯೋಚಿಸಿ ಹೇಳುತ್ತೇನೆಂದು ಅವಳನ್ನು ಕಳಿಸಿದೆ. ಬಾಳಿನುದ್ದಕ್ಕೂ ನಾನು ಬಯಸಿದ್ದ ಸಾಲು ಅಚ್ಚಾಗಲು ನಾನು ಮಾಡಬೇಕಾದದ್ದು ಇಷ್ಟೇ: ಬಾಯಿ ಮುಚ್ಚಿಕೊಂಡಿರುವುದು. ಚನ್ನಬಸಪ್ಪನವರಿಗೆ ನನ್ನ ಸಂಕಟ ಬಹಳ ಸೊಗಸಾಗಿ ಕಂಡಿತು.

“ಹೆಣ್ಮಕ್ಕಳ ಪರ ನಿಂದ್ರತೀನಂತ ಇಷ್ಟು ವರ್ಷ ಬಾಯಿ ಮಾಡಿದ್ರಿ. ಬಾಯಿ ಮುಚ್ಚಿ ನಿಂದ್ರಬೇಕಾದ್ದು ಇದೊಂದ ದಿನ. ಅದ ಆಗವಲ್ದು ನಿಮ್ಮ ಕೈಲೆ.”

ಆಗಲಿಲ್ಲ. ಓದದೆ ಮಾಡಿದ ಸಹಿ ಇಷ್ಟು ದಿನ ಅನ್ಯಾಯಕ್ಕೆ ಕೆಲಸ ಮಾಡಿತ್ತು. ಅದನ್ನೇ ನ್ಯಾಯಕ್ಕೂ ದುಡಿಸಿಕೊಂಡರೆ, ನಾಳೆ ವೇದಿಕೆಯ ಮೇಲೆ ನಾನು ಯಾರನ್ನು ಬೈಯಲಿ?

ಮರುದಿನ ವೀರಭದ್ರಪ್ಪನವರು ಬಂದರು. ಎತ್ತರದ ಆಳು, ತಲೆಗೆ ಬಿಳಿ ಪಟಗಾ. ಹಿಂದೆ ಸವಿತಾ. ಅವಳ ಹಿಂದೆ, ಬೆಟಗೇರಿಯಲ್ಲಿ ಸೀರೆ ಕೊಳ್ಳುವುದಿದ್ದುದರಿಂದ ಗಂಗವ್ವನೂ ಬಂದಿದ್ದರು. ಸೆರಗು ಹೊದ್ದು, ಯಾರೂ ಕೂಡಿರೆನ್ನದ ಕಾರಣ ಬಾಗಿಲ ಬಳಿಯಿದ್ದ ಕಾಗದದ ಗಂಟಿನ ಮೇಲೆ ಕುಳಿತರು. ಪ್ರೂಫು ಗುಲಾಬಿ ಬಣ್ಣದ ಕಾರ್ಡಿನ ಮೇಲಿತ್ತು. ವೀರಭದ್ರಪ್ಪನವರು ಅದನ್ನು ಕೈಗೆತ್ತಿಕೊಂಡು ಗಣಪತಿಯನ್ನು ಕಣ್ಣಿಗೊತ್ತಿಕೊಂಡರು.

“ಗಣಪ್ಪ ಅದಾನ. ಆತು. ಎಲ್ಲಿ ಮಾಡ್ಲಿ ಸಹಿ?”

“ಮೊದಲ ಓದಿ ಕೇಳಿಸ್ತೀನ್ರಿ,” ಎಂದೆ. ಸವಿತಾ ನನ್ನನ್ನು ನೋಡಿದ ನೋಟವನ್ನು ನಾನು ಇಂದಿಗೂ ಮರೆತಿಲ್ಲ. ಹುಸೇನಸಾಹೇಬರು ಯಂತ್ರ ನಿಲ್ಲಿಸಿದರು. ನಾನು ಓದಿದೆ. ಮೊದಲ ಸಾಲು ಮುಗಿಯುತ್ತಲೇ ವೀರಭದ್ರಪ್ಪನವರು ಕೈ ಎತ್ತಿದರು.

“ಮತ್ತೊಮ್ಮೆ ಓದ್ರಿ.”

ಓದಿದೆ.

“ಗಂಗವ್ವ ಅಂದ್ರ ಯಾರು?”

“ನಿಮ್ಮ ಹಿಂದ ಕುಂತಾರಲ್ರಿ, ಅವರ.”

ಅವರು ತಿರುಗಿ ನೋಡಿದರು. “ಶುಭದ ಕಾಗದದಾಗ ಇಕಿ ಹೆಸರು ಹಾಕತಾರೇನ್ರಿ? ಅದೂ ಮ್ಯಾಲ? ಮಂದಿ ಏನಂದಾರು?”

ನಾನು ಸಿದ್ಧಳಾಗಿಯೇ ಇದ್ದೆ. ವಿಧವೆಯರ ಮೇಲೆ ನಡೆದ ಅನ್ಯಾಯವನ್ನು ಆದಿಯಿಂದ ಹಿಡಿದು, ರೊಟ್ಟಿ ಬಡಿದ ಕೈಯ ಗೌರವದವರೆಗೆ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಪೂರ್ತಿ ಕೇಳಿದರು.

“ಭಾಷಣ ಚಲೋ ಆತ್ರಿ ಅಕ್ಕಾರ. ಪದ್ಧತಿ ಪದ್ಧತಿನ.”

“ದೊಡ್ಡಪ್ಪಾ, ಸತ್ತ ಅಪ್ಪ ಬರ್ರಿ ಅಂತ ಕರಿಬೋದು, ಬದುಕಿರೂ ಅವ್ವ ಕರೀಬಾರದೇನು?” ಸವಿತಾ ಮುಂದೆ ಬಂದು ಕೇಳಿದಳು.

“ನಿಮ್ಮವ್ವಗ ಅದೆಲ್ಲಾ ಬೇಕಾಗಿಲ್ಲ. ಆಕಿ ಒಪ್ಪೂದಿಲ್ಲ.”

“ಒಪ್ಪತಾರ,” ಎಂದೆ ನಾನು.

“ಒಪ್ಪೂದಿಲ್ರಿ.”

“ಒಪ್ಪತಾರ್ರಿ.”

ಚನ್ನಬಸಪ್ಪನವರು ಕೆಮ್ಮಿದರು. “ಆಕಿ ಅಲ್ಲೇ ಕುಂತಾಳಲ್ರಿ. ಯಾರರ ಕೇಳ್ರಿ ಆಕಿನ್ನ. ನನಗ ಆ ಕಾಗದದ ಗಂಟು ಬೇಕಾಗೇತಿ.”

ಆ ತಾಯಿಯ ಹೆಸರಿಗಾಗಿ ಮಗಳು ಹೋರಾಡಿದ್ದಳು, ನಾನು ಹೋರಾಡಿದ್ದೆ. ಅವರನ್ನೇ ಕೇಳಿದವರು ಯಾರೂ ಇರಲಿಲ್ಲ. ನಾನು ಎದ್ದು ಹೋಗಿ ಅವರ ಮುಂದೆ ನಿಂತೆ.

“ಗಂಗವ್ವಾರ, ಈ ಕಾರ್ಡಿಗೆ ನಿಮ್ಮ ಒಪ್ಪಿಗಿ ಐತೇನ್ರಿ?”

“ಒಪ್ಪಿಗಿ ಅಂದ್ರ ಏನ್ರಿ?”

“ನೀವು ಹೂಂ ಅಂದ್ರ ಹೊಡಿತೀವಿ.”

“ಒಲ್ಲೆ ಅಂದ್ರ?”

“ಹೊಡಿಯೂದಿಲ್ಲ.”

ಅವರು ಸೆರಗನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಒಳಕ್ಕೆ ಇಣುಕಿದರು. “ನಾ ಒಲ್ಲೆ ಅಂದ್ರ ಅಷ್ಟು ದೊಡ್ಡ ಮಶೀನು ನಿಲ್ಲತೈತೇನು?”

“ನಿಂತ ಐತಲ್ಲಬೇ, ಆವಾಗಿಂದ,” ಎಂದರು ಹುಸೇನಸಾಹೇಬರು.

ಗಂಗವ್ವ ಯಂತ್ರವನ್ನೊಮ್ಮೆ, ಸೆಟೆದು ನಿಂತಿದ್ದ ಭಾವನನ್ನೊಮ್ಮೆ ನೋಡಿ ಹೇಳಿದರು.

“ಹಂಗಾರ ಒಲ್ಲೆ.”

ಸವಿತಾ ಗೋಡೆಗೆ ಒರಗಿದಳು. “ನಾ ಹೇಳಲಿಲ್ಲ?” ಎಂದು ವೀರಭದ್ರಪ್ಪನವರು ಪಟಗಾ ಸರಿಪಡಿಸಿಕೊಂಡರು.

“ಈ ಗುಲಾಬಿ ಬಣ್ಣ ಒಲ್ಲೆ,” ಎಂದರು ಗಂಗವ್ವ. “ಹೆಸರು ಇರ್ಲಿ. ನನ್ನ ಮದವಿಗೆ ಗುಲಾಬಿ ಸೀರಿ ತಂದ್ರು. ನನಗ ಬ್ಯಾಡಾಗಿತ್ತು. ಬೇಕೇನಂತ ಯಾರೂ ಕೇಳಲಿಲ್ಲ. ಈಗ ಕೇಳೀರಿ, ಹೇಳೇನಿ. ಅರಿಷಿಣದ ಬಣ್ಣ ಹಾಕ್ರಿ.” ಕಾರ್ಡಿನ ಕಡೆ ಬೆರಳು ಮಾಡಿದರು. “ಮತ್ತ ಅಕ್ಕಾರ, ಭಾವಾರ ಹೆಸರಿನ ಮುಂದ ಏನೋ ಐತೇನು?”

ನಾನು ಕೊನೆಯ ಸಾಲನ್ನು ಓದಿದೆ. “ಶ್ರೀ ವೀರಭದ್ರಪ್ಪನವರು, ಸಮಾಜ ಸೇವಕರು.”

“ಅದನ್ನೂ ಒಲ್ಲೆ.”

“ಯಾಕ?” ಎಂದರು ವೀರಭದ್ರಪ್ಪನವರು. ಅವರ ದನಿ ಬದಲಾಗಿತ್ತು.

“ಯಾವ ಸಮಾಜದ್ದು ಯಾವ ಸೇವಾ ಅಂತ ಮಂದಿ ಕೇಳತಾರ್ರಿ ಭಾವಾರ. ನನ್ನ ಮಗಳ ಕಾರ್ಡಿನ್ಯಾಗ ಸುಳ್ಳು ಬ್ಯಾಡ.”

“ಎಲ್ಲಾರ ಕಾರ್ಡಿನ್ಯಾಗೂ ಹಂಗ ಹಾಕಿದ್ದು. ಊರಾಗ ಎಲ್ಲಾರಿಗೂ ಗೊತ್ತೈತಿ.”

“ಗೊತ್ತಿದ್ರ ಹಾಕೂದ್ಯಾಕ್ರಿ?”

ಮಾತು ಬೆಳೆಯಿತು. ವೀರಭದ್ರಪ್ಪನವರು ತಾವು ಕಟ್ಟಿಸಿದ ಎಮ್ಮೆಯ ನೀರಿನ ತೊಟ್ಟಿಯನ್ನು ಸಾಕ್ಷಿಗೆ ಕರೆದರು. ಅದರಲ್ಲಿ ನೀರು ಬಂದುದನ್ನು ಎಮ್ಮೆಗಳೂ ಕಂಡಿಲ್ಲವೆಂದು ಗಂಗವ್ವ ನೆನಪಿಸಿದರು. ಕೊನೆಗೆ ವೀರಭದ್ರಪ್ಪನವರು ಮೇಜಿನ ಮೇಲೆ ಕೈ ಊರಿ ನನ್ನ ಕಡೆ ತಿರುಗಿದರು.

“ಅಕ್ಕಾರ, ಇಕಿ ಹೆಸರು ಬೇಕಾದ್ರ ಮ್ಯಾಲ ಇರ್ಲಿ, ಬಣ್ಣ ಬೇಕಾದ್ರ ಹಳದಿ ಆಗ್ಲಿ. ಸಮಾಜ ಸೇವಕ ಮಾತ್ರ ಕೀಳಾಂಗಿಲ್ಲ. ಕಿತ್ರ ನಾ ಸಹಿ ಮಾಡೂದಿಲ್ಲ.”

“ಇರ್ಲಿ ಬಿಡ್ರಿ ಹಂಗಾರ,” ಎಂದರು ಗಂಗವ್ವ. “ಸಣ್ಣ ಅಕ್ಷರದಾಗ.”

ಚನ್ನಬಸಪ್ಪನವರು ತಲೆ ತಗ್ಗಿಸಿ ಮೇಜಿನ ಡ್ರಾವರಿನಲ್ಲಿ ಇಲ್ಲದ ವಸ್ತುವೊಂದನ್ನು ಹುಡುಕತೊಡಗಿದರು. ಅವರ ಭುಜಗಳು ಕುಲುಕುತ್ತಿದ್ದವು. ನಾನು ತಿದ್ದಿದ ಪ್ರೂಫನ್ನು ಇನ್ನೊಮ್ಮೆ ಪೂರ್ತಿಯಾಗಿ ಓದಿದೆ. ಗಂಗವ್ವ ಅಕ್ಷರ ಅಕ್ಷರವಾಗಿ ಸಹಿ ಮಾಡಿದರು. ವೀರಭದ್ರಪ್ಪನವರು ಪೆನ್ನು ತೆಗೆದುಕೊಂಡು ಯಂತ್ರದ ಕಡೆ ನೋಡಿದರು.

“ಅಕ್ಕಾರ, ನಾ ಒಲ್ಲೆ ಅಂದ್ರೂ ನಿಲ್ಲತಿತ್ತೇನು ಮಶೀನು?”

ಸುಳ್ಳು ಹೇಳುವಂತಿರಲಿಲ್ಲ. “ನಿಲ್ಲತಿತ್ರಿ.”

“ಇದನ್ನ ಮೊದಲ ಯಾರರ ಹೇಳಿದ್ರ, ನನ್ನ ಮದವಿ ಕಾರ್ಡಿಗೇ ಒಲ್ಲೆ ಅಂತಿದ್ನೆಲ್ರಿ,” ಎಂದು ಅವರು ಸಹಿ ಹಾಕಿದರು.

ಹೊರಡುವಾಗ ಗಂಗವ್ವ ಬಾಗಿಲಲ್ಲಿ ಹಿಂದುಳಿದು ನನ್ನ ಕೈ ಮುಟ್ಟಿದರು. “ಆ ಸಮಾಜ ಸೇವಕಂದು ನನಗೇನೂ ಇರಲಿಲ್ರಿ ಅಕ್ಕಾರ. ಗುಲಾಬಿ ಮಾತ್ರ ಖರೇನ ಒಲ್ಲೆ ಆಗಿತ್ತು.”

ನಾನು ನಿಘಂಟಿನಿಂದ ಕಲಿಯದ್ದನ್ನು, ಮೆರವಣಿಗೆಯಿಂದಲೂ ಪೂರ್ತಿ ಕಲಿಯದ್ದನ್ನು ಅಂದು ಕಲಿತೆ. ಅಪ್ರೂವ್ ಎನ್ನುವುದು ಹೂಂ ಎನ್ನುವುದಲ್ಲ. ಒಲ್ಲೆ ಎಂದರೆ ಯಂತ್ರ ನಿಲ್ಲುತ್ತದೆ ಎಂದು ಗೊತ್ತಿರುವವರು ಅನ್ನುವ ಹೂಂ ಮಾತ್ರ ಒಪ್ಪಿಗೆ, ಉಳಿದದ್ದೆಲ್ಲ ಸಪ್ಪಳ. ನೀವು ಯಾರಿಂದಲೇ ಸಹಿ ಪಡೆಯಿರಿ, ಮೊದಲು ಯಂತ್ರ ನಿಲ್ಲಿಸಿರಿ. ನಿಂತಿದೆಯೆಂದು ಅವರಿಗೆ ತೋರಿಸಿರಿ. ಆಮೇಲೆ ಕೇಳಿರಿ.

ಸವಿತಾಳ ಮದುವೆಗೆ ನಾವೆಲ್ಲ ಹೋಗಿದ್ದೆವು. ಪೆಂಡಾಲಿನ ಬಾಗಿಲಲ್ಲಿ ಅರಿಸಿನ ಬಣ್ಣದ ಕಾರ್ಡು ಹಿಡಿದು ನಿಂತು ವೀರಭದ್ರಪ್ಪನವರು ಬಂದವರಿಗೆಲ್ಲ ಕೊನೆಯ ಸಾಲನ್ನು ಬೆರಳಿಟ್ಟು ತೋರಿಸುತ್ತಿದ್ದರು. ಅದನ್ನು ಓದಲು ಜನ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿಯುತ್ತಿದ್ದರು. ಹಾಗೆ ಹಿಡಿದವರು ಮೊದಲ ಸಾಲನ್ನೂ ಓದುತ್ತಿದ್ದರು. ಮಂದಿ ಏನೂ ಅನ್ನಲಿಲ್ಲ.

ನಾನು ನಿವೃತ್ತಳಾಗುವ ಮುಂಚೆ ವೀರಭದ್ರಪ್ಪನವರ ಮಗನ ಮದುವೆ ಬಂತು. ಶಿಗ್ಲಿಯಿಂದ ಅವರ ಫೋನು.

“ಅಕ್ಕಾರ, ಕಾರ್ಡಿನ ಪ್ರೂಫ್ ನೋಡಾಕ ಬರತೀವ್ರಿ. ಗಂಗವ್ವನೂ ಬರತಾಳಂತ, ಓದೂದು ಕೇಳಾಕ. ಒಲ್ಲೆ ಅನ್ನಾಕ ಆಕಿಗೆ ಏನರ ಒಂದು ಬಿಟ್ಟಿರ್ರಿ ಅದರಾಗ. ಇಲ್ಲಾಂದ್ರ ಹೆಣ್ಣನ್ನ ಒಲ್ಲೆ ಅಂದಾಳು.”

ಗೊತ್ತಿದ್ದೂ ಪ್ರೂಫಿನಲ್ಲಿ ತಪ್ಪು ಉಳಿಸುವುದು ನನ್ನ ವೃತ್ತಿಧರ್ಮಕ್ಕೆ ಒಪ್ಪುವ ಮಾತಲ್ಲ. ಅದನ್ನು ಅವರಿಗೆ ಖಂಡಿತವಾಗಿ ಹೇಳಿದೆ. ಆದರೆ ಅವರು ಬರುವ ದಿನ ಮಾದರಿ ಕಾರ್ಡುಗಳ ರಾಶಿಯಲ್ಲಿ ಗುಲಾಬಿ ಬಣ್ಣದ್ದನ್ನು ಎಲ್ಲಕ್ಕಿಂತ ಮೇಲಿಟ್ಟೆ.